ಮೆಡಿಕಲ್-ಸರ್ಜಿಕಲ್ ನರ್ಸಿಂಗ್: ಓದುವಾಗಲೂ ವಾರ್ಡಿನಲ್ಲೂ ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆಗೆ ಓದುತ್ತಿರುವವರು, ಹೊಸದಾಗಿ ವಾರ್ಡಿಗೆ ಬಂದವರು, ಕೆಲವು ವರ್ಷ ಬಿಟ್ಟು ಮತ್ತೆ ಡ್ಯೂಟಿಗೆ ಸೇರಿದವರು ನನ್ನನ್ನು ಕೇಳುವ ಪ್ರಶ್ನೆಗಳಿವು. ಹೆಚ್ಚುಕಮ್ಮಿ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇಲ್ಲಿರುವ ಅಂಕಿಗಳೆಲ್ಲ ವಯಸ್ಕ ರೋಗಿಗಳಿಗೆ ಸಂಬಂಧಿಸಿದವು. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

## ಓದು ಶುರು ಮಾಡುವವರಿಗೆ

ಸಿಲಬಸ್ ಸಮುದ್ರದ ಹಾಗಿದೆ. ಎಲ್ಲಿಂದ ಶುರು ಮಾಡ್ಲಿ?

ದೇಹದಲ್ಲಿನ ನೀರು, ಲವಣ, ಆಕ್ಸಿಜನ್, ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ). ಈ ನಾಲ್ಕರಿಂದ ಶುರು ಮಾಡಿ. ಹೃದಯದ ಕಾಯಿಲೆ ಇರಲಿ, ಕಿಡ್ನಿ ಕಾಯಿಲೆ ಇರಲಿ, ಸುಟ್ಟಗಾಯ ಇರಲಿ, ಇವು ಎಲ್ಲ ಕಡೆ ಬಂದೇ ಬರುತ್ತವೆ. ಇವು ಗಟ್ಟಿಯಾದರೆ ಮುಂದಿನ ಅರ್ಧ ಓದು ತಾನಾಗಿ ಹಗುರಾಗುತ್ತದೆ.

ಆಮೇಲೆ ಪ್ರತಿ ಕಾಯಿಲೆಗೂ ಒಂದೇ ಒಂದು ಹಾಳೆ ಇಟ್ಟುಕೊಳ್ಳಿ. ಅದರಲ್ಲಿ ನಾಲ್ಕೇ ಪ್ರಶ್ನೆ. ಒಳಗೆ ಏನು ಕೆಟ್ಟಿದೆ? ಅದರಿಂದ ರೋಗಿಯಲ್ಲಿ ನನಗೆ ಏನು ಕಾಣುತ್ತದೆ? ನಾನು ಮೊದಲು ಏನು ಮಾಡಬೇಕು? ನಾವು ಕೊಡುವ ಚಿಕಿತ್ಸೆಯಿಂದಲೇ ಏನು ತೊಂದರೆ ಆಗಬಹುದು?

ಹಾರ್ಟ್ ಫೇಲ್ಯೂರ್ ತೆಗೆದುಕೊಳ್ಳಿ. ಹೃದಯದ ಎಡಭಾಗ ರಕ್ತವನ್ನು ಮುಂದಕ್ಕೆ ತಳ್ಳಲಾರದೆ ಸೋತಿದೆ. ಆದ್ದರಿಂದ ರಕ್ತ ಹಿಂದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಮಲಗಿದರೆ ಉಸಿರು ಕಟ್ಟುತ್ತದೆ, ಎದೆಯಲ್ಲಿ ಕ್ರ್ಯಾಕಲ್ಸ್ (ಚಟಪಟ ಶಬ್ದ) ಕೇಳುತ್ತದೆ, ತೀವ್ರವಾದರೆ ಗುಲಾಬಿ ಬಣ್ಣದ ನೊರೆಕಫ ಬರುತ್ತದೆ. ಆದ್ದರಿಂದ ಮೊದಲು ಎಬ್ಬಿಸಿ ಕೂರಿಸುತ್ತೀರಿ, ಆಕ್ಸಿಜನ್ ಕಮ್ಮಿ ಇದ್ದರೆ ಕೊಡುತ್ತೀರಿ, ಆದೇಶದಂತೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಕೊಡುತ್ತೀರಿ. ಆ ಫ್ಯೂರೋಸೆಮೈಡ್ ಪೊಟ್ಯಾಸಿಯಮ್ಮನ್ನೂ ಬಿಪಿಯನ್ನೂ ಇಳಿಸುತ್ತದೆ, ಅವೆರಡರ ಮೇಲೆ ಕಣ್ಣಿಡುತ್ತೀರಿ. ನೋಡಿ, ಎಲ್ಲ ‘ಆದ್ದರಿಂದ’ ಎಂಬ ಒಂದೇ ದಾರದಲ್ಲಿ ಬಂತು. ಈ ದಾರ ಕೈಯಲ್ಲಿದ್ದರೆ ಪಟ್ಟಿ ಮರೆತರೂ ಉತ್ತರ ಹುಡುಕಿಕೊಳ್ಳಬಹುದು.

ಲ್ಯಾಬ್ ವ್ಯಾಲ್ಯೂಗಳನ್ನೆಲ್ಲ ಬಾಯಿಪಾಠ ಮಾಡ್ಲೇಬೇಕಾ?

ಎಲ್ಲ ಬೇಡ. ಆದರೆ ಕೆಲವು ನಿದ್ದೆಯಲ್ಲಿ ಕೇಳಿದರೂ ಬರಬೇಕು. ಸೋಡಿಯಂ 135–145, ಪೊಟ್ಯಾಸಿಯಮ್ 3.5–5.0, ಕ್ರಿಯಾಟಿನಿನ್ ಸುಮಾರು 0.6–1.2, ಪ್ಲೇಟ್‌ಲೆಟ್ 1.5 ಲಕ್ಷದಿಂದ 4 ಲಕ್ಷ, ಖಾಲಿ ಹೊಟ್ಟೆಯ ಶುಗರ್ 70–99. ರಕ್ತದ ಗ್ಯಾಸ್‌ನಲ್ಲಿ ಪಿಎಚ್ 7.35–7.45, ಕಾರ್ಬನ್ ಡೈಆಕ್ಸೈಡ್ 35–45, ಬೈಕಾರ್ಬನೇಟ್ 22–26.

ಇನ್ನೊಂದು ಮಾತು. ಒಂದು ಅಂಕಿಗಿಂತ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದು ಜಾಸ್ತಿ ಹೇಳುತ್ತದೆ. ಹಿಮೋಗ್ಲೋಬಿನ್ 10 ಅಂದರೆ ಅಷ್ಟೇನೂ ಗಾಬರಿ ಇಲ್ಲ. ಬೆಳಿಗ್ಗೆ 13 ಇದ್ದದ್ದು ಮಧ್ಯಾಹ್ನಕ್ಕೆ 10 ಆಗಿದ್ದರೆ ಮಾತ್ರ ಕೂಡಲೇ ಡಾಕ್ಟರಿಗೆ ಹೇಳಬೇಕು. ರಿಪೋರ್ಟ್ ಕೈಗೆ ಬಂದಾಗ ಹಿಂದಿನ ರಿಪೋರ್ಟನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿ.

ಔಷಧಿಗಳ ಹೆಸರು ತಲೆಯಲ್ಲಿ ನಿಲ್ಲೋದೇ ಇಲ್ಲ. ಸುಲಭದ ದಾರಿ ಇದೆಯಾ?

ಹೆಸರಿನ ಬಾಲ ಹಿಡಿದುಕೊಳ್ಳಿ. ‘ಪ್ರಿಲ್’ ಅಂತ ಮುಗಿದರೆ ಏಸ್ ಇನ್ಹಿಬಿಟರ್ ಎಂಬ ಬಿಪಿ ಔಷಧಿ: ಒಣ ಕೆಮ್ಮು, ಪೊಟ್ಯಾಸಿಯಮ್ ಏರಿಕೆ, ಅಪರೂಪಕ್ಕೆ ತುಟಿ-ನಾಲಿಗೆ ಊದಿ ಉಸಿರೇ ಕಟ್ಟಬಹುದು. ‘ಸಾರ್ಟನ್’ ಇದರ ಹತ್ತಿರದ ನೆಂಟ, ಆದರೆ ಕೆಮ್ಮು ಕಮ್ಮಿ. ‘ಓಲಾಲ್’ ಅಂದರೆ ಬೀಟಾ ಬ್ಲಾಕರ್, ಎದೆಬಡಿತ ನಿಧಾನ ಮಾಡುವ ಔಷಧಿ: ಕೊಡುವ ಮುಂಚೆ ಪಲ್ಸ್, ಬಿಪಿ ನೋಡಿ, ಆಸ್ತಮಾ ಇದೆಯಾ ಕೇಳಿ. ‘ಸ್ಟ್ಯಾಟಿನ್’ ಅಂದರೆ ಕೊಲೆಸ್ಟ್ರಾಲ್ ಔಷಧಿ: ಕಾರಣವಿಲ್ಲದೆ ಮೈಕೈ ನೋವು ಬಂದರೆ ತಿಳಿಸಬೇಕು.

ಬಾಲವನ್ನೇ ಪೂರ್ತಿ ನಂಬುವುದೂ ಬೇಡ. ನಿಸ್ಟ್ಯಾಟಿನ್ ಕೊಲೆಸ್ಟ್ರಾಲಿಗಲ್ಲ, ಫಂಗಸ್ ಸೋಂಕಿಗೆ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲಕ್ಕೆ, ಆದರೆ ಅರಿಪಿಪ್ರಜೋಲ್ ಮನೋರೋಗದ ಔಷಧಿ. ನಾನು ಹೇಳಿಕೊಡುವಾಗ ಪ್ರತಿ ಗುಂಪಿಗೂ ಎರಡೇ ಸಂಗತಿ ಅಂಟಿಸುತ್ತೇನೆ: ಕೊಡುವ ಮುಂಚೆ ಏನು ನೋಡಬೇಕು, ಕೊಟ್ಟ ಮೇಲೆ ಯಾವುದಕ್ಕೆ ಹೆದರಬೇಕು. ಮಿಕ್ಕದ್ದು ನಿಧಾನಕ್ಕೆ ಬರುತ್ತದೆ.

ನಾಲ್ಕು ರೋಗಿಗಳಲ್ಲಿ ಮೊದಲು ಯಾರನ್ನು ನೋಡ್ತೀರಿ ಅಂತ ಕೇಳಿದ್ರೆ ಯಾವಾಗಲೂ ತಪ್ಪಾಗುತ್ತೆ. ಹೇಗೆ ಯೋಚಿಸಬೇಕು?

ಒಂದು ಉದಾಹರಣೆ ನೋಡೋಣ. ಒಬ್ಬರಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಆಕ್ಸಿಜನ್ ಮಟ್ಟ ಶೇಕಡಾ 90. ಒಬ್ಬರಿಗೆ ನಿನ್ನೆ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಏಳು. ಒಬ್ಬರ ಶುಗರ್ 240. ಇನ್ನೊಬ್ಬರಿಗೆ ಬೆಳಿಗ್ಗೆ ಥೈರಾಯ್ಡ್ ತೆಗೆದಿದ್ದಾರೆ, ಈಗ ಉಸಿರು ಎಳೆಯುವಾಗ ಕೀರಲು ಶಬ್ದ ಬರುತ್ತಿದೆ.

ಹೆಚ್ಚಿನವರು 90 ನೋಡಿ ಮೊದಲನೆಯವರ ಹತ್ತಿರ ಓಡುತ್ತಾರೆ. ಆದರೆ ಆ ಕಾಯಿಲೆಗೆ 90 ನಿರೀಕ್ಷಿತ. ನೋವು ನಿಜ, ಅದನ್ನೂ ಬೇಗ ನೋಡಬೇಕು, ಆದರೆ ಅದೂ ನಿರೀಕ್ಷಿತ. 240ಕ್ಕೆ ಸ್ವಲ್ಪ ಸಮಯ ಇದೆ. ಕೀರಲು ಶಬ್ದ ಮಾತ್ರ ಹೊಸದು, ಅನಿರೀಕ್ಷಿತ, ಅದೂ ಉಸಿರಿನ ದಾರಿಯದು. ಕತ್ತಿನೊಳಗೆ ರಕ್ತ ಅಥವಾ ಊತ ಕಟ್ಟಿಕೊಂಡು ನಾಳ ಮುಚ್ಚುತ್ತಿರಬಹುದು. ಅದಕ್ಕೇ ಅಂಥವರ ಹಾಸಿಗೆ ಪಕ್ಕ, ಕತ್ತಿನಲ್ಲಿ ತೂತು ಮಾಡಿ ಉಸಿರಿನ ದಾರಿ ತೆರೆಯುವ ಟ್ರೇಕಿಯಾಸ್ಟಮಿ ಟ್ರೇ ಸಿದ್ಧ ಇರುತ್ತದೆ. ಅವರ ಡ್ರೆಸಿಂಗ್ ಮುಂದೆ ಒಣಗಿದ್ದರೂ ಕತ್ತಿನ ಹಿಂದೆ ಕೈ ಹಾಕಿ ನೋಡಿ, ರಕ್ತ ಅಲ್ಲಿಗೆ ಹರಿದಿರಬಹುದು.

ಹಾಗಾಗಿ ಮೊದಲು ಶ್ವಾಸದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ. ಅದರ ಜೊತೆಗೆ ‘ಈ ಕಾಯಿಲೆಗೆ ಇದು ಸಹಜವಾ, ಇಲ್ಲ ಹೊಸದಾ?’ ಅಂತ ಕೇಳಿಕೊಳ್ಳಿ. ತಪ್ಪು ಆಗುವುದು ಹೆಚ್ಚಾಗಿ ಈ ಎರಡನೇ ಪ್ರಶ್ನೆ ಬಿಟ್ಟಾಗಲೇ.

## ದಿನಾ ಕಾಣುವ ಕಾಯಿಲೆ, ದಿನಾ ಕೊಡುವ ಔಷಧಿ

ಹಾರ್ಟ್ ಫೇಲ್ಯೂರ್ ರೋಗಿಯ ತೂಕ ದಿನಾ ಯಾಕೆ ನೋಡ್ಬೇಕು? ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಇದೆಯಲ್ಲ?

ಚಾರ್ಟ್‌ನಲ್ಲಿ ಬೆವರು ಬರುವುದಿಲ್ಲ, ಉಸಿರಿನಲ್ಲಿ ಹೋಗುವ ನೀರು ಬರುವುದಿಲ್ಲ, ಯಾರಿಗೂ ಹೇಳದೆ ಕುಡಿದ ಲೋಟ ನೀರೂ ಬರುವುದಿಲ್ಲ. ತೂಕ ಇವನ್ನೆಲ್ಲ ಸೇರಿಸಿ ಹೇಳುತ್ತದೆ. ದಿಢೀರನೆ ಏರಿದ 1 ಕಿಲೋ ಅಂದರೆ ಸುಮಾರು 1 ಲೀಟರ್ ನೀರು. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಅದೇ ತಕ್ಕಡಿಯಲ್ಲಿ, ಅಷ್ಟೇ ಬಟ್ಟೆಯಲ್ಲಿ ನೋಡಬೇಕು. ಒಂದು ದಿನಕ್ಕೆ 1 ಕಿಲೋ ಅಥವಾ ವಾರಕ್ಕೆ 2 ಕಿಲೋಗಿಂತ ಜಾಸ್ತಿ ಏರಿದರೆ ತಿಳಿಸಿ ಅಂತ ಮನೆಗೆ ಹೋಗುವಾಗ ರೋಗಿಗೂ ಹೇಳಿಕೊಡಿ. ಕಾಲು ಊದುವ ಮುಂಚೆಯೇ ತೂಕ ಏರಿರುತ್ತದೆ.

ಡಿಗಾಕ್ಸಿನ್ (ಹೃದಯದ ಔಷಧಿ) ಕೊಡೋ ಮುಂಚೆ ಎದೆಬಡಿತ ಪೂರ್ತಿ ಒಂದು ನಿಮಿಷ ಎಣಿಸಲೇಬೇಕಾ? ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದ್ರೆ?

ಎಣಿಸಲೇಬೇಕು, ಅದೂ ಸ್ಟೆತಸ್ಕೋಪ್ ಇಟ್ಟು ಎದೆಯ ಮೇಲೆ. ಈ ಔಷಧಿ ತೆಗೆದುಕೊಳ್ಳುವ ತುಂಬಾ ಜನಕ್ಕೆ ಎದೆಬಡಿತ ಮೊದಲೇ ಏರುಪೇರು ಇರುತ್ತದೆ. ಅರ್ಧ ನಿಮಿಷದ ಲೆಕ್ಕ ಅಂಥವರಲ್ಲಿ ಸುಳ್ಳಾಗುತ್ತದೆ. 60ಕ್ಕಿಂತ ಕಮ್ಮಿ ಇದ್ದರೆ ಡೋಸ್ ತಡೆದು ಡಾಕ್ಟರಿಗೆ ಹೇಳಿ. ಊಟ ಸೇರದಿರುವುದು, ವಾಕರಿಕೆ, ಹಳದಿ-ಹಸಿರು ಬಣ್ಣದ ಪ್ರಭೆ ಕಾಣುವುದು ಇವೆಲ್ಲ ವಿಷವೇರಿಕೆಯ ಗುರುತು. ಜೊತೆಗೆ ಫ್ಯೂರೋಸೆಮೈಡ್ ಇದ್ದರೆ ಪೊಟ್ಯಾಸಿಯಮ್ ಇಳಿಯುತ್ತದೆ, ಪೊಟ್ಯಾಸಿಯಮ್ ಇಳಿದರೆ ಡಿಗಾಕ್ಸಿನ್ ಮಾಮೂಲಿ ಡೋಸಿನಲ್ಲೂ ವಿಷವಾಗಬಹುದು. ವಯಸ್ಸಾದವರು ‘ಯಾಕೋ ಊಟ ಬೇಡ’ ಅಂದಾಗ ನನಗೆ ಮೊದಲು ನೆನಪಾಗುವುದು ಅವರ ಔಷಧಿ ಚೀಟಿ.

ಸಿಒಪಿಡಿ ಇರೋರಿಗೆ ಆಕ್ಸಿಜನ್ ಕೊಟ್ರೆ ಉಸಿರಾಟ ನಿಂತುಹೋಗುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ. ಅವಶ್ಯಕತೆಗಿಂತ ಜಾಸ್ತಿ ಆಕ್ಸಿಜನ್ ಕೊಟ್ಟರೆ ಇಂಥ ಕೆಲವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಉಸಿರಾಡುವ ಒತ್ತಡ ಕಮ್ಮಿಯಾಗುವುದು ಅದಕ್ಕೆ ಒಂದು ಸಣ್ಣ ಕಾರಣ ಮಾತ್ರ. ಶ್ವಾಸಕೋಶದ ಕೆಟ್ಟ ಭಾಗಗಳಿಗೂ ರಕ್ತ ಹರಿಯತೊಡಗುವುದು ದೊಡ್ಡ ಕಾರಣ. ಅದಕ್ಕೇ ಗುರಿ 88–92 ಅಂತ ಇಟ್ಟುಕೊಳ್ಳುವುದು.

ಆದರೆ ಈ ಹೆದರಿಕೆಯಿಂದ 78 ಇರುವ ರೋಗಿಗೆ ಆಕ್ಸಿಜನ್ ಕೊಡದೆ ನಿಲ್ಲುವುದು ದೊಡ್ಡ ತಪ್ಪು. ಆಕ್ಸಿಜನ್ ಕೊರತೆ ನಿಮಿಷಗಳಲ್ಲಿ ಜೀವ ತೆಗೆಯುತ್ತದೆ. ಕೊಡಿ, ಗುರಿ ಮುಟ್ಟಿದ ಮೇಲೆ ಅಳೆದು ಕೊಡಿ, ಪಕ್ಕದಲ್ಲೇ ಇದ್ದು ಎಚ್ಚರ ಹೇಗಿದೆ ನೋಡಿ.

ಎರಡು ಇನ್ಸುಲಿನ್ ಒಂದೇ ಸಿರಿಂಜಿನಲ್ಲಿ ತೆಗೆಯುವಾಗ ಯಾವುದು ಮೊದಲು?

ತಿಳಿಯಾದದ್ದು (ಬೇಗ ಕೆಲಸ ಮಾಡುವ ರೆಗ್ಯುಲರ್) ಮೊದಲು, ಮಬ್ಬಾದದ್ದು (ನಿಧಾನದ ಎನ್‌ಪಿಎಚ್) ಆಮೇಲೆ. ಎನ್‌ಪಿಎಚ್ ಬಾಟಲಿಗೆ ಗಾಳಿ ಹಾಕಿ ಸೂಜಿ ತೆಗೆಯಿರಿ. ರೆಗ್ಯುಲರ್ ಬಾಟಲಿಗೆ ಗಾಳಿ ಹಾಕಿ ಅದರ ಡೋಸ್ ಎಳೆಯಿರಿ. ಕೊನೆಗೆ ಎನ್‌ಪಿಎಚ್ ಎಳೆಯಿರಿ. ಎನ್‌ಪಿಎಚ್ ಸ್ವಲ್ಪ ರೆಗ್ಯುಲರ್ ಬಾಟಲಿಗೆ ಸೇರಿದರೂ ಆ ಬಾಟಲಿಯ ವೇಗದ ಗುಣವೇ ಕೆಡುತ್ತದೆ, ಅದಕ್ಕೆ ಈ ಕ್ರಮ. ದಿನವಿಡೀ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ ಕೂಡ ತಿಳಿಯಾಗೇ ಕಾಣುತ್ತದೆ, ಆದರೆ ಅದನ್ನು ಯಾವುದರ ಜೊತೆಗೂ ಬೆರೆಸುವಂತಿಲ್ಲ.

ಶುಗರ್ 58 ಬಂತು. ರೋಗಿ ಆರಾಮಾಗಿ ಮಾತಾಡ್ತಿದ್ದಾರೆ. ಕಾಯಬಹುದಾ?

ಕಾಯಬೇಡಿ. 70ಕ್ಕಿಂತ ಕಮ್ಮಿ ಅಂದರೆ ಚಿಕಿತ್ಸೆ. ನುಂಗಲು ಆಗುವವರಿಗೆ 15 ಗ್ರಾಂ ಬೇಗ ಕರಗುವ ಸಕ್ಕರೆ ಕೊಡಿ: 3–4 ಚಹಾ ಚಮಚ ಸಕ್ಕರೆ ಅಥವಾ ಅರ್ಧ ಲೋಟ ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ ಕಮ್ಮಿ ಇದ್ದರೆ ಮತ್ತೆ ಕೊಡಿ. ಸರಿಯಾದ ಮೇಲೆ, ಮುಂದಿನ ಊಟ ದೂರ ಇದ್ದರೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಅವರಿಗೆ ರಕ್ತನಾಳದಲ್ಲಿ ಡೆಕ್ಸ್‌ಟ್ರೋಸ್, ಲೈನ್ ಸಿಗದಿದ್ದರೆ ಸ್ನಾಯುವಿಗೆ 1 ಮಿ.ಗ್ರಾಂ. ಗ್ಲೂಕಗಾನ್.

ಎರಡು ಬಲೆಗಳಿವೆ. ಶುಗರಿಗೆ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಾಮಾನ್ಯ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ಎದೆ ಹೊಡೆದುಕೊಳ್ಳುವುದೂ ಕೈ ನಡುಗುವುದೂ ಮುಚ್ಚಿಹೋಗುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಹಣೆ ಮುಟ್ಟಿ ನೋಡಿ.

ಹೆಪಾರಿನ್ ಮತ್ತು ವಾರ್ಫರಿನ್ ಎರಡೂ ಒಟ್ಟಿಗೆ ಬರೆದಿದ್ದಾರೆ. ಇದು ತಪ್ಪಲ್ವಾ?

ಎರಡೂ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಿಗಳು. ಹೊಸದಾಗಿ ರಕ್ತ ಹೆಪ್ಪುಗಟ್ಟಿದವರಲ್ಲಿ ಇದು ಬೇಕೆಂದೇ ಬರೆದದ್ದು. ಹೆಪಾರಿನ್ ಕೂಡಲೇ ಕೆಲಸ ಮಾಡುತ್ತದೆ. ವಾರ್ಫರಿನ್ ಲಿವರ್ ಹೊಸದಾಗಿ ತಯಾರಿಸುವ, ಹೆಪ್ಪುಗಟ್ಟಿಸುವ ಅಂಶಗಳನ್ನು ಮಾತ್ರ ತಡೆಯುತ್ತದೆ, ಈಗಾಗಲೇ ರಕ್ತದಲ್ಲಿ ಇರುವವು ಖಾಲಿಯಾಗಲು ದಿನಗಳು ಬೇಕು. ಅದರ ಮೇಲೆ, ಹೆಪ್ಪು ತಡೆಯುವ ಪ್ರೋಟೀನ್ ಸಿ ಮೊದಲು ಇಳಿಯುವುದರಿಂದ ಶುರುವಿನಲ್ಲಿ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿಯೇ ಆಗಬಹುದು. ಹಾಗಾಗಿ ಕನಿಷ್ಠ 5 ದಿನ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) 2 ಮುಟ್ಟಿ 24 ಗಂಟೆ ನಿಲ್ಲುವ ತನಕ ಎರಡೂ ಇರುತ್ತವೆ. ಹೆಪಾರಿನ್‌ಗೆ ಎಪಿಟಿಟಿ ಎಂಬ ಹೆಪ್ಪುಗಟ್ಟುವ ಸಮಯದ ಪರೀಕ್ಷೆ ನೋಡುತ್ತೇವೆ, ಮಾರುಮದ್ದು ಪ್ರೋಟಮಿನ್. ವಾರ್ಫರಿನ್‌ಗೆ ಐಎನ್‌ಆರ್, ಮಾರುಮದ್ದು ವಿಟಮಿನ್ ಕೆ. ಹೆಪಾರಿನ್ ಶುರುವಾಗಿ 5–10 ದಿನದಲ್ಲಿ ಪ್ಲೇಟ್‌ಲೆಟ್ ಅರ್ಧಕ್ಕೆ ಬಿದ್ದರೆ ಸುಮ್ನೆ ಬಿಡಬೇಡಿ, ಹೆಪಾರಿನ್ನೇ ಕಾರಣ ಇರಬಹುದು.

## ಆಪರೇಷನ್ ಆದ ರೋಗಿ

ಬಿಪಿ ನಾರ್ಮಲ್ ಇದೆ. ಆದ್ರೂ ಒಳಗೆ ರಕ್ತಸ್ರಾವ ಆಗ್ತಿರಬಹುದಾ?

ಖಂಡಿತ ಆಗಬಹುದು. ಎಲ್ಲಕ್ಕಿಂತ ಹೆಚ್ಚು ಸಮಯ ನಾನು ಕೊಡುವುದು ಈ ಪ್ರಶ್ನೆಗೆ.

ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಸುಮಾರು ಶೇಕಡಾ 30, ಅಂದರೆ ಒಂದೂವರೆ ಲೀಟರ್ ಹೋಗುವ ತನಕ ಮಲಗಿದ ರೋಗಿಯ ಮೇಲಿನ ಬಿಪಿ ಹೆಚ್ಚೇನೂ ಇಳಿಯದೆ ಇರಬಹುದು. ಯಾಕೆಂದರೆ ದೇಹ ಸುಮ್ಮನೆ ಕೂತಿರುವುದಿಲ್ಲ. ಹೃದಯದ ಬಡಿತ ಏರಿಸುತ್ತದೆ, ಕೈಕಾಲಿನ ರಕ್ತನಾಳ ಬಿಗಿಹಿಡಿಯುತ್ತದೆ, ಮೂತ್ರ ತಡೆಯುತ್ತದೆ. ನಮಗೆ ಮೊದಲು ಕಾಣಬೇಕಾದದ್ದು ಇವೇ. ಪಲ್ಸ್ 84ರಿಂದ 96ಕ್ಕೆ, 96ರಿಂದ 112ಕ್ಕೆ. ಕೈ ತಣ್ಣಗೆ, ಒದ್ದೆ ಒದ್ದೆ. ಮೇಲಿನ ಬಿಪಿಗೂ ಕೆಳಗಿನ ಬಿಪಿಗೂ ಅಂತರ ಕಮ್ಮಿಯಾಗುತ್ತಾ ಬರುವುದು. ಗಂಟೆಗೆ 30 ಮಿ.ಲೀ.ಗಿಂತ ಕಮ್ಮಿ ಮೂತ್ರ. ಉಸಿರಾಟ ಸ್ವಲ್ಪ ವೇಗ. ಬಿಪಿ ಬಿದ್ದಾಗ ದೇಹದ ಪ್ರಯತ್ನಗಳೆಲ್ಲ ಸೋತಾಗಿರುತ್ತದೆ.

ಇವೆಲ್ಲಕ್ಕಿಂತ ಮುಂಚೆ ಬರುವುದು ಚಡಪಡಿಕೆ. ಹಾಸಿಗೆಯಲ್ಲಿ ಹೊರಳಾಡುವುದು, ಕ್ಯಾನುಲಾ ಎಳೆಯುವುದು, ‘ನನಗೇನೋ ಆಗ್ತಿದೆ ಸಿಸ್ಟರ್’ ಅನ್ನುವುದು. ನಾನು ಹೊಸಬಳಿದ್ದಾಗ ಒಂದು ರಾತ್ರಿ ಹೊಟ್ಟೆ ಆಪರೇಷನ್ ಆದ ರೋಗಿಯೊಬ್ಬರು ಹೀಗೇ ಚಡಪಡಿಸಿದರು. ನೋವಿರಬೇಕು ಅಂದುಕೊಂಡು ನೋವಿನ ಇಂಜೆಕ್ಷನ್ ಕೊಟ್ಟೆ. ಬಿಪಿ 118 ಇತ್ತಲ್ಲ ಅಂತ ಸಮಾಧಾನ ಬೇರೆ. ಜೊತೆಗಿದ್ದ ಹಿರಿಯ ಸಿಸ್ಟರ್ ಬಂದು ರೋಗಿಯ ಪಾದ ಮುಟ್ಟಿ ನೋಡಿ, ಯೂರಿನ್ ಬ್ಯಾಗ್ ಎತ್ತಿ ನೋಡಿ, ನೇರ ಸರ್ಜನ್‌ಗೆ ಫೋನ್ ಮಾಡಿದರು. ಆ ರೋಗಿ ಮತ್ತೆ ಥಿಯೇಟರಿಗೆ ಹೋಗಿ ಉಳಿದುಕೊಂಡರು. ಅವತ್ತಿನಿಂದ ಚಡಪಡಿಸುವ ರೋಗಿಗೆ ಔಷಧಿ ಕೊಡುವ ಮುಂಚೆ ನಾನು ಪಾದ ಮುಟ್ಟದೆ ಇದ್ದದ್ದಿಲ್ಲ.

ಒಂದು ಎಚ್ಚರಿಕೆ. ಬೀಟಾ ಬ್ಲಾಕರ್ ಮೇಲಿರುವವರಲ್ಲಿ ಪಲ್ಸ್ ಏರದೇ ಇರಬಹುದು. ಅವರಲ್ಲಿ ಮೂತ್ರ, ಚರ್ಮ, ಎಚ್ಚರ ಈ ಮೂರನ್ನೇ ನೆಚ್ಚಿಕೊಳ್ಳಬೇಕು.

ಮಾರ್ಫಿನ್ ಕೊಟ್ಟ ಮೇಲೆ ರೋಗಿ ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ. ಎಬ್ಬಿಸಬೇಕಾ?

ಎಬ್ಬಿಸಿ ನೋಡಲೇಬೇಕು. ಉಸಿರಾಟ ಕಮ್ಮಿಯಾಗುವ ಮುಂಚೆ ಮಂಪರು ಜಾಸ್ತಿಯಾಗುತ್ತದೆ. ಹೆಸರು ಕರೆದ ಕೂಡಲೇ ಕಣ್ಣುಬಿಟ್ಟು ಸರಿಯಾಗಿ ಉತ್ತರಿಸಿದರೆ ಅದು ನಿದ್ದೆ. ಮಾತಿನ ಮಧ್ಯದಲ್ಲೇ ಕಣ್ಣು ಮುಚ್ಚಿ ಜಾರಿದರೆ ಅದು ನಿದ್ದೆಯಲ್ಲ, ಮುಂದಿನ ಡೋಸ್ ತಡೆದು ಕೂಡಲೇ ತಿಳಿಸಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಎಷ್ಟು ಆಳವಾಗಿದೆ ಅನ್ನುವುದನ್ನೂ ನೋಡಿ. ಮಾರ್ಫಿನ್ನಿನ ಮಾರುಮದ್ದು ನ್ಯಾಲೊಕ್ಸೋನ್ ಕೊಟ್ಟು ಎಚ್ಚರವಾದರು ಅಂತ ಬಿಟ್ಟು ಹೋಗಬೇಡಿ. ಅದರ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ, ರೋಗಿ ಮತ್ತೆ ಮಂಪರಿಗೆ ಹೋಗಬಹುದು.

ಚೆಸ್ಟ್ ಟ್ಯೂಬ್ (ಎದೆಯೊಳಗಿನ ಗಾಳಿ, ರಕ್ತ ಹೊರತೆಗೆಯುವ ನಳಿಕೆ) ಬಾಟಲಿಯಲ್ಲಿ ಗುಳ್ಳೆ ಬರ್ತಿದೆ. ಒಳ್ಳೇದಾ ಕೆಟ್ಟದ್ದಾ?

ಯಾವ ಭಾಗದಲ್ಲಿ ಅನ್ನುವುದರ ಮೇಲೆ ಹೋಗುತ್ತದೆ. ನೀರಿರುವ ಸಕ್ಷನ್ ಭಾಗದಲ್ಲಿ ಮೆಲ್ಲಗೆ ಒಂದೇ ಸಮ ಗುಳ್ಳೆ ಬಂದರೆ ಸರಿ. ವಾಟರ್ ಸೀಲ್ ಭಾಗದಲ್ಲಿ (ಹೊರಗಿನ ಗಾಳಿ ಎದೆಯೊಳಗೆ ಹೋಗದಂತೆ ನೀರು ತಡೆಯುವ ಭಾಗ) ಕೆಮ್ಮಿದಾಗ ಅಥವಾ ಉಸಿರು ಬಿಟ್ಟಾಗ ಆಗೊಮ್ಮೆ ಈಗೊಮ್ಮೆ ಬಂದರೆ ಎದೆಯೊಳಗಿನ ಗಾಳಿ ಹೊರಬರುತ್ತಿದೆ ಅಂತ ಅರ್ಥ, ನ್ಯೂಮೊಥೊರಾಕ್ಸ್‌ನಲ್ಲಿ (ಶ್ವಾಸಕೋಶದ ಸುತ್ತ ಗಾಳಿ ತುಂಬಿದಾಗ) ಅದೂ ಸರಿ. ವಾಟರ್ ಸೀಲ್‌ನಲ್ಲಿ ಬಿಡುವಿಲ್ಲದೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಜೋಡಣೆಗಳನ್ನು ರೋಗಿಯ ಕಡೆಯಿಂದ ಬಾಟಲಿಯ ತನಕ ಒಂದೊಂದಾಗಿ ನೋಡಿ.

ವಾಟರ್ ಸೀಲ್ ನೀರು ಉಸಿರಿನ ಜೊತೆ ಏರಿಳಿಯಬೇಕು. ಅದು ನಿಂತರೆ ಒಂದೋ ಶ್ವಾಸಕೋಶ ಪೂರ್ತಿ ಅರಳಿದೆ, ಇಲ್ಲ ಟ್ಯೂಬ್ ಮಡಿಸಿದೆ ಅಥವಾ ಕಟ್ಟಿದೆ. ಎದೆಯ ಶಬ್ದ ಕೇಳಿದರೆ ಯಾವುದು ಅಂತ ಅಂದಾಜು ಸಿಗುತ್ತದೆ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗೆ. ಗಂಟೆಗೆ 100 ಮಿ.ಲೀ.ಗಿಂತ ಜಾಸ್ತಿ ರಕ್ತ ಬಂದರೆ ತಿಳಿಸಿ. ರೋಗಿಯನ್ನು ಸಾಗಿಸುವಾಗ ಕ್ಲ್ಯಾಂಪ್ ಹಾಕುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬಿಡಿ. ಗಾಳಿಗೆ ಹೊರದಾರಿ ಇಲ್ಲದೆ, ಎದೆಯೊಳಗೆ ಒತ್ತಡ ಏರಿ ಟೆನ್ಷನ್ ನ್ಯೂಮೊಥೊರಾಕ್ಸ್ ಆಗಬಹುದು. ಟ್ಯೂಬ್ ಬಾಟಲಿಯಿಂದ ಕಳಚಿದರೆ ಅದರ ತುದಿಯನ್ನು ಸ್ಟೆರೈಲ್ ನೀರಿನಲ್ಲಿ ಸುಮಾರು 2 ಸೆಂ.ಮೀ. ಮುಳುಗಿಸಿ ಹಿಡಿಯಿರಿ. ಎದೆಯಿಂದಲೇ ಕಿತ್ತುಬಂದರೆ ಗಾಳಿಯಾಡದ ಡ್ರೆಸಿಂಗ್ ಇಟ್ಟು ಮೂರು ಕಡೆ ಅಂಟಿಸಿ, ಸಹಾಯಕ್ಕೆ ಕೂಗಿ.

ಹೊಟ್ಟೆಯ ಹೊಲಿಗೆ ಬಿಚ್ಚಿ ಕರುಳು ಹೊರಗೆ ಬಂದ್ರೆ ಮೊದಲು ಏನು ಮಾಡ್ಬೇಕು?

ಒಳಗೆ ತಳ್ಳಬೇಡಿ. ರೋಗಿಯ ಹತ್ತಿರವೇ ನಿಂತು ಬೇರೆಯವರನ್ನು ಕೂಗಿ ಸರ್ಜನ್‌ಗೆ ಹೇಳಿಸಿ. ಸ್ವಲ್ಪ ತಲೆ ಎತ್ತಿ, ಮಂಡಿ ಮಡಿಸಿ ಮಲಗಿಸಿ. ನಾರ್ಮಲ್ ಸಲೈನ್‌ನಲ್ಲಿ ನೆನೆಸಿದ ಸ್ಟೆರೈಲ್ ಡ್ರೆಸಿಂಗ್ ಮುಚ್ಚಿ, ಒಣಗಲು ಬಿಡಬೇಡಿ. ಬಾಯಿಗೆ ಏನೂ ಕೊಡಬೇಡಿ. ಇದಕ್ಕೆ ಮುಂಚೆ ತಿಳಿನೀರಿನಂಥ ಗುಲಾಬಿ ಸ್ರಾವ ಜಾಸ್ತಿಯಾಗುವುದುಂಟು. ‘ಏನೋ ಪಟ್ ಅಂತ ಬಿಚ್ಚಿಕೊಂಡ ಹಾಗಾಯ್ತು’ ಅಂತ ರೋಗಿಯೇ ಹೇಳುವುದೂ ಉಂಟು. ಆ ಮಾತು ನಂಬಿ.

ಪ್ಲಾಸ್ಟರ್ ಹಾಕಿದ ಕಾಲು ತುಂಬಾ ನೋವು ಅಂತಾರೆ. ಮೂಳೆ ಮುರಿದ್ರೆ ನೋವು ಇದ್ದೇ ಇರುತ್ತಲ್ವಾ?

ಇರುತ್ತದೆ, ಆದರೆ ಔಷಧಿ ಕೊಟ್ಟರೆ ಕಮ್ಮಿಯಾಗುತ್ತದೆ. ಔಷಧಿಗೂ ಜಗ್ಗದ ನೋವು, ಬೆರಳನ್ನು ನೀವು ಮೆಲ್ಲಗೆ ಎಳೆದಾಗ ಕಿರುಚುವಂಥ ನೋವು ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ನ (ಸ್ನಾಯುವಿನ ಸುತ್ತ ಒತ್ತಡ ಏರಿ ರಕ್ತ ಸಿಗದಿರುವುದು) ಗುರುತು. ಪಾದದ ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡಬೇಡಿ, ನಾಡಿ ಹೋಗುವುದು ಕೊನೆಗೆ. ಕಾಲನ್ನು ಹೃದಯದ ಮಟ್ಟದಲ್ಲಿಡಿ, ಎತ್ತರಕ್ಕೆ ಏರಿಸಬೇಡಿ, ಐಸ್ ಇಡಬೇಡಿ, ಕೂಡಲೇ ತಿಳಿಸಿ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಪೊಟ್ಯಾಸಿಯಮ್ 2.8 ಇದೆ. ಬೇಗ ಬೇಗ ಕೊಟ್ಟು ಸರಿ ಮಾಡಬಾರದಾ?

ಪೊಟ್ಯಾಸಿಯಮ್ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ಯಾವತ್ತೂ ಪುಶ್ ಮಾಡಬಾರದು. ಹೃದಯ ನಿಂತೇಹೋಗುತ್ತದೆ. ಡ್ರಿಪ್‌ನಲ್ಲಿ ಚೆನ್ನಾಗಿ ಬೆರೆಸಿ, ಪಂಪ್ ಮೂಲಕ, ಕೈಯ ರಕ್ತನಾಳದಲ್ಲಿ ಸಾಮಾನ್ಯವಾಗಿ ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರದಂತೆ. ಮುಂಚೆ ಮೂತ್ರ ಸರಿಯಾಗಿ ಬರುತ್ತಿದೆಯಾ ನೋಡಿ. ಕೊಟ್ಟರೂ ಏರುತ್ತಿಲ್ಲ ಅಂದರೆ ಮೆಗ್ನೀಸಿಯಮ್ ನೋಡಿಸಿ. ಅದು ಕಮ್ಮಿ ಇದ್ದರೆ ಪೊಟ್ಯಾಸಿಯಮ್ ನಿಲ್ಲುವುದಿಲ್ಲ.

ಪೊಟ್ಯಾಸಿಯಮ್ ಜಾಸ್ತಿಯಾದಾಗ ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಏಳುತ್ತದೆ. ಆಗ ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಡುವುದು ಹೃದಯದ ರಕ್ಷಣೆಗೆ, ಅದರಿಂದ ಪೊಟ್ಯಾಸಿಯಮ್ ಇಳಿಯುವುದಿಲ್ಲ. ಇನ್ಸುಲಿನ್ ಜೊತೆ ಡೆಕ್ಸ್‌ಟ್ರೋಸ್ ಕೊಟ್ಟಾಗ ಅದು ಜೀವಕೋಶದೊಳಗೆ ಹೋಗುತ್ತದೆ. ದೇಹದಿಂದ ಹೊರಹಾಕಲು ಮೂತ್ರ, ಮಲ ಅಥವಾ ಡಯಾಲಿಸಿಸ್ ಬೇಕು. ಈ ಮೂರು ಹಂತ ಬೇರೆ ಬೇರೆ ಅಂತ ಗೊತ್ತಿದ್ದರೆ ಪರೀಕ್ಷೆಯಲ್ಲೂ ಎಡವುವುದಿಲ್ಲ. ರಕ್ತ ತೆಗೆಯುವಾಗ ಕಣಗಳು ಒಡೆದರೆ ಸುಳ್ಳು ಏರಿಕೆ ಬರುವುದೂ ಇದೆ. ರೋಗಿ ಮತ್ತು ಇಸಿಜಿ ಸರಿಯಿದ್ದರೆ ಮತ್ತೊಮ್ಮೆ ಸ್ಯಾಂಪಲ್ ಕಳಿಸಿ.

ಡಿಕೆಎ (ಇನ್ಸುಲಿನ್ ಕೊರತೆಯಿಂದ ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಸ್ಥಿತಿ) ರೋಗಿಯ ಪೊಟ್ಯಾಸಿಯಮ್ 5 ಇದೆ. ಆದ್ರೂ ಡ್ರಿಪ್‌ಗೆ ಪೊಟ್ಯಾಸಿಯಮ್ ಯಾಕೆ ಸೇರಿಸ್ತಾರೆ?

ಆ 5 ಮೋಸದ ಅಂಕಿ. ಇನ್ಸುಲಿನ್ ಇಲ್ಲದೆ, ರಕ್ತ ಆಮ್ಲೀಯವಾಗಿ, ಪೊಟ್ಯಾಸಿಯಮ್ ಜೀವಕೋಶದಿಂದ ಹೊರಗೆ ಬಂದು ರಕ್ತದಲ್ಲಿ ನಿಂತಿದೆ. ಮೂತ್ರದಲ್ಲಿ ಆಗಲೇ ಬಹಳಷ್ಟು ಹೋಗಿಯಾಗಿದೆ. ಇನ್ಸುಲಿನ್ ಶುರುವಾದ ಕೂಡಲೇ ಮಿಕ್ಕದ್ದೂ ಒಳಗೆ ಹೋಗಿ ಮಟ್ಟ ಧಡಕ್ಕನೆ ಬೀಳುತ್ತದೆ. ಶುರುವಿನಲ್ಲೇ 3.3ಕ್ಕಿಂತ ಕಮ್ಮಿ ಇದ್ದರೆ ಇನ್ಸುಲಿನ್ ತಡೆದು ಮೊದಲು ಪೊಟ್ಯಾಸಿಯಮ್ ಕೊಡುತ್ತಾರೆ. ಕೆಲವು ಕಡೆ ಈ ಗೆರೆ 3.5. ಶುಗರ್ 250ರ ಹತ್ತಿರ ಬಂದಾಗ ಡೆಕ್ಸ್‌ಟ್ರೋಸ್ ಸೇರಿಸಿ ಇನ್ಸುಲಿನ್ ಮುಂದುವರಿಸುವುದೂ ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಅಲ್ಲಿ ಇನ್ಸುಲಿನ್ ಇರುವುದು ಕೀಟೋನ್ ನಿಲ್ಲಿಸುವುದಕ್ಕೆ. ಶುಗರ್ ಇಳಿದರೂ ಕೀಟೋನ್ ಇನ್ನೂ ಇರುತ್ತದೆ.

ಎಬಿಜಿ (ರಕ್ತದ ಗ್ಯಾಸ್ ರಿಪೋರ್ಟ್) ನೋಡಿದ್ರೆ ತಲೆ ತಿರುಗುತ್ತೆ. ಸರಳವಾಗಿ ಹೇಳ್ತೀರಾ?

ಪಿಎಚ್ 7.30, ಕಾರ್ಬನ್ ಡೈಆಕ್ಸೈಡ್ 58, ಬೈಕಾರ್ಬನೇಟ್ 28 ಅಂತಿಟ್ಟುಕೊಳ್ಳಿ. ಪಿಎಚ್ ಕೆಳಗಿದೆ, ಆಮ್ಲೀಯ. ಇದನ್ನು ಮಾಡಿದವರು ಯಾರು? ಕಾರ್ಬನ್ ಡೈಆಕ್ಸೈಡ್ ಆಮ್ಲ, ಅದು ಏರಿದೆ. ಹೊಂದಿಕೆಯಾಯಿತು, ತಪ್ಪು ಶ್ವಾಸಕೋಶದ ಕಡೆಯದು. ಬೈಕಾರ್ಬನೇಟ್ ಏರಿರುವುದು ಕಿಡ್ನಿ ಸಹಾಯಕ್ಕೆ ಬಂದಿದೆ ಅಂತ. ಪಿಎಚ್ ಇನ್ನೂ ಸರಿಯಾಗಿಲ್ಲ, ಹಾಗಾಗಿ ಅರ್ಧ ಸರಿದೂಗಿದ ರೆಸ್ಪಿರೇಟರಿ ಅಸಿಡೋಸಿಸ್. ಇದೇ ಕ್ರಮದಲ್ಲಿ ದಿನಕ್ಕೆ ಐದು ಬಿಡಿಸಿ, ಒಂದು ವಾರ ಸಾಕು.

ಸುಟ್ಟಗಾಯದ ಫ್ಲೂಯಿಡ್ ಲೆಕ್ಕದಲ್ಲಿ ಎಲ್ಲಿ ತಪ್ಪಾಗುತ್ತೆ?

ಸಮಯದಲ್ಲಿ. 60 ಕಿಲೋ ತೂಕ, ಶೇಕಡಾ 30 ಸುಟ್ಟಿದೆ. ಪಾರ್ಕ್‌ಲ್ಯಾಂಡ್ ಸೂತ್ರದಲ್ಲಿ 4 × 60 × 30 = 7,200 ಮಿ.ಲೀ. ರಿಂಗರ್ ಲ್ಯಾಕ್ಟೇಟ್, 24 ಗಂಟೆಗೆ. ಅದರ ಅರ್ಧ, 3,600 ಮಿ.ಲೀ., ಮೊದಲ 8 ಗಂಟೆಯಲ್ಲಿ. ಈ 8 ಗಂಟೆ ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ರೋಗಿ 2 ಗಂಟೆ ತಡವಾಗಿ ಬಂದಿದ್ದರೆ ಉಳಿದ 6 ಗಂಟೆಗೆ 3,600, ಅಂದರೆ ಗಂಟೆಗೆ 600 ಮಿ.ಲೀ. ಸುಮ್ಮನೆ ಕೆಂಪಾದ ಚರ್ಮವನ್ನು ಶೇಕಡಾ ಲೆಕ್ಕಕ್ಕೆ ಸೇರಿಸಬಾರದು. ಕೆಲವು ಕಡೆ 4ರ ಬದಲು 2ರಿಂದ ಶುರು ಮಾಡುತ್ತಾರೆ. ಹೇಗೇ ಶುರು ಮಾಡಿದರೂ ಗಂಟೆಗೆ ಕಿಲೋಗೆ 0.5 ಮಿ.ಲೀ. ಮೂತ್ರ ಬರುತ್ತಿದೆಯಾ ನೋಡಿ ವೇಗ ಏರಿಸುತ್ತಾ ಇಳಿಸುತ್ತಾ ಹೋಗುತ್ತಾರೆ.

ತಲೆಗೆ ಪೆಟ್ಟಾದವರ ಬಿಪಿ ಏರಿ ಪಲ್ಸ್ ಇಳಿದ್ರೆ ಯಾಕೆ ಅಷ್ಟು ಗಾಬರಿ?

ಶಾಕ್‌ನಲ್ಲಿ ಕಾಣುವುದಕ್ಕೆ ಇದು ಪೂರ್ತಿ ಉಲ್ಟಾ. ತಲೆಬುರುಡೆಯೊಳಗೆ ಒತ್ತಡ ಏರಿದಾಗ ಮಿದುಳಿಗೆ ರಕ್ತ ತಲುಪಿಸಲು ದೇಹ ಬಿಪಿ ಏರಿಸುತ್ತದೆ, ಪಲ್ಸ್ ನಿಧಾನವಾಗುತ್ತದೆ, ಉಸಿರಾಟ ತಾಳ ತಪ್ಪುತ್ತದೆ. ಕುಶಿಂಗ್ ತ್ರಿಕೂಟ ಅಂತಾರೆ, ಇದು ತಡವಾಗಿ ಬರುವ ಗುರುತು. ಎಚ್ಚರದಲ್ಲಿ ಸಣ್ಣ ಬದಲಾವಣೆ ಇದಕ್ಕಿಂತ ಎಷ್ಟೋ ಮುಂಚೆ ಸಿಗುತ್ತದೆ. ಹೋದ ಗಂಟೆ ತಾರೀಕು ಸರಿಯಾಗಿ ಹೇಳಿದವರು ಈ ಗಂಟೆ ತಡವರಿಸಿದರೆ ಆಗಲೇ ತಿಳಿಸಿ. ತಲೆ 30 ಡಿಗ್ರಿ ಎತ್ತರ, ಕತ್ತು ನೇರ.

ರಕ್ತ ಹಾಕಿ ಹತ್ತು ನಿಮಿಷಕ್ಕೆ ರೋಗಿಗೆ ಚಳಿ, ಸೊಂಟನೋವು ಶುರುವಾಯ್ತು. ಡ್ರಿಪ್ ನಿಧಾನ ಮಾಡಿದ್ರೆ ಸಾಕಾ?

ನಿಲ್ಲಿಸಿ. ನಿಧಾನ ಮಾಡುವುದು ಚಿಕಿತ್ಸೆಯಲ್ಲ. ಹಳೆಯ ಟ್ಯೂಬಿನಲ್ಲಿ ಉಳಿದ ರಕ್ತವೂ ಒಳಗೆ ಹೋಗಬಾರದು, ಹಾಗಾಗಿ ಟ್ಯೂಬ್ ಬದಲಿಸಿ ಹೊಸದರಲ್ಲಿ ನಾರ್ಮಲ್ ಸಲೈನ್ ಹಾಕಿ ರಕ್ತನಾಳ ಉಳಿಸಿಕೊಳ್ಳಿ. ಬಿಪಿ, ಪಲ್ಸ್, ಜ್ವರ ನೋಡಿ, ಡಾಕ್ಟರಿಗೂ ಬ್ಲಡ್ ಬ್ಯಾಂಕಿಗೂ ಹೇಳಿ. ರೋಗಿಯ ಹೆಸರು, ನಂಬರ್, ಬ್ಯಾಗಿನ ಚೀಟಿ ಮತ್ತೆ ಹೋಲಿಸಿ. ಬ್ಯಾಗನ್ನೂ ಟ್ಯೂಬನ್ನೂ ಎಸೆಯದೆ ವಾಪಸ್ ಕಳಿಸಿ, ರಕ್ತ ಮತ್ತು ಮೂತ್ರದ ಸ್ಯಾಂಪಲ್ ಕಳಿಸಿ. ಮೊದಲ 15 ನಿಮಿಷ ರೋಗಿಯ ಪಕ್ಕ ಬಿಟ್ಟು ಹೋಗಬಾರದು ಅನ್ನುವುದು ಇದಕ್ಕೇ.

ನಾನು ತಪ್ಪು ಡೋಸ್ ಕೊಟ್ಟುಬಿಟ್ಟೆ. ಯಾರಿಗೂ ಗೊತ್ತಾಗಿಲ್ಲ. ಏನು ಮಾಡ್ಲಿ?

ಮೊದಲು ರೋಗಿಯ ಹತ್ತಿರ ಹೋಗಿ. ಎಚ್ಚರ, ಉಸಿರು, ಪಲ್ಸ್, ಬಿಪಿ ನೋಡಿ. ಇನ್ಸುಲಿನ್ ಆಗಿದ್ದರೆ ಶುಗರ್ ನೋಡಿ. ಡಾಕ್ಟರಿಗೂ ಇನ್‌ಚಾರ್ಜ್ ಸಿಸ್ಟರಿಗೂ ಈಗಲೇ ಹೇಳಿ, ಡ್ಯೂಟಿ ಮುಗಿದ ಮೇಲಲ್ಲ. ಮಾರುಮದ್ದು ಇರುವ ಔಷಧಿಗಳಲ್ಲಿ ಆ ಅರ್ಧ ಗಂಟೆಯೇ ಜೀವ ಉಳಿಸುವುದು. ಕೇಸ್ ಶೀಟ್‌ನಲ್ಲಿ ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ, ರೋಗಿ ಹೇಗಿದ್ದರು, ಯಾರಿಗೆ ಹೇಳಿದಿರಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಆಸ್ಪತ್ರೆಯ ಇನ್ಸಿಡೆಂಟ್ ರಿಪೋರ್ಟ್ ಬೇರೆಯಾಗಿ ತುಂಬಿ.

ಹೇಳಲು ಎಷ್ಟು ಭಯವಾಗುತ್ತದೆ ಅಂತ ನನಗೆ ಗೊತ್ತು. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನಂಬುವ ಹಿರಿಯ ಸಿಸ್ಟರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋನ್ ಮಾಡುವ ಮುಂಚೆ ಔಷಧಿಯ ಹೆಸರು, ಕೊಟ್ಟ ಪ್ರಮಾಣ, ಕೊಡಬೇಕಿದ್ದ ಪ್ರಮಾಣ, ಈಗಿನ ಬಿಪಿ-ಪಲ್ಸ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಗಂಟಲು ಒಣಗಿದಾಗ ಅದನ್ನೇ ಓದಿದರೆ ಸಾಕು.